ಮೂವತ್ಮೂರನೇ ಕಿಲೋಮೀಟರ್: ಮಗಳಿಗೊಂದು ಪತ್ರ

ಪುಟ್ಟಿ,

ಭಾನುವಾರ 50 ಕಿಲೋಮೀಟರ್ ಓಟ ಆದಮೇಲೆ ಫೋನಿನಲ್ಲಿ "ಮುಗಿಸಿದೆ ಕಣೇ" ಅಂದಿದ್ದು ಬಿಟ್ಟರೆ ನನಗೆ ಬೇರೆ ಮಾತೇ ಬರಲಿಲ್ಲ. ನೀನು ಆ ಕಡೆ ಖುಷಿಯಿಂದ ಕೂಗಿದೆ. ಆಮೇಲೆ ಮೆಲ್ಲಗೆ ಕೇಳಿದೆ, "ಅವತ್ತು ಅಷ್ಟೊಂದು ಕುಗ್ಗಿ ಹೋಗಿದ್ದೆಯಲ್ಲಮ್ಮ, ಮತ್ತೆ ಧೈರ್ಯ ಹೇಗೆ ಬಂತು?" ಮನೆಗೆ ಹೋಗಿ ಹೇಳ್ತೀನಿ ಅಂದಿದ್ದೆ. ಇವತ್ತಿಗೆ ನಾಲ್ಕು ದಿನ ಆಯಿತು. ಮೆಟ್ಟಿಲು ಹತ್ತುವುದು ಸಲೀಸು. ಇಳಿಯುವಾಗ ಮಾತ್ರ ತೊಡೆ ಇನ್ನೂ ಹಿಡಿಯುತ್ತದೆ. ಕೂತು ಬರೆಯೋಕೆ ಇದೇ ಒಳ್ಳೆ ಸಮಯ ಅನ್ನಿಸಿತು.

ಅವತ್ತಿನ ವಿಷಯ ನಾವಿಬ್ಬರೂ ಇಲ್ಲಿಯವರೆಗೆ ಮಾತಾಡಿಯೇ ಇಲ್ಲ, ಅಲ್ವಾ? ಎರಡು ವರ್ಷದ ಹಿಂದಿನ ಆ ಮ್ಯಾರಥಾನ್. 42.195 ಕಿಲೋಮೀಟರ್. ನೀನು ಫಿನಿಶ್ ಲೈನ್ ಹತ್ತಿರ ಬೆಳಿಗ್ಗೆಯಿಂದ ಕಾದು ನಿಂತಿದ್ದೆ. ಕೈಯಲ್ಲಿ ನೀನೇ ಬರೆದ ಬೋರ್ಡು. ನಾನು ಬಂದಿದ್ದು ಓಟ ನಿಲ್ಲಿಸಿದವರನ್ನು ಕೂರಿಸಿಕೊಂಡು ಬರುವ ವ್ಯಾನಿನಲ್ಲಿ. ನನ್ನನ್ನು ನೋಡಿದ ಕೂಡಲೇ ನೀನು ಬೋರ್ಡು ಮಡಚಿ ಬ್ಯಾಗಿಗೆ ಹಾಕಿದೆ. ನನಗೆ ನೋವಾಗಬಾರದು ಅಂತಲೇ ಹಾಗೆ ಮಾಡಿದೆ, ಗೊತ್ತು. ಆದರೂ ಆ ಮಡಚಿದ ಬೋರ್ಡು ತುಂಬ ದಿನ ನನ್ನ ಕಣ್ಣಮುಂದೆ ಇತ್ತು.

ನಡೆದಿದ್ದನ್ನು ನಿನಗೆ ಪೂರ್ತಿ ಹೇಳಿಲ್ಲ. ನನ್ನ ಲೆಕ್ಕದಂತೆ ಮೊದಲ 10 ಕಿಲೋಮೀಟರಿಗೆ 70 ನಿಮಿಷ ತೆಗೆದುಕೊಳ್ಳಬೇಕಿತ್ತು. ಸುತ್ತ ಅಷ್ಟೊಂದು ಜನ, ಡ್ರಮ್ ಸದ್ದು, ಚಪ್ಪಾಳೆ. ಕಾಲು ಹಗುರವಾಗಿತ್ತು. ಪಕ್ಕದವರ ಜೊತೆ ಹೋಗಿಬಿಟ್ಟೆ. 10 ಕಿಲೋಮೀಟರ್ ಆದಾಗ ವಾಚು ನೋಡಿದರೆ 61 ನಿಮಿಷ. "ಜಾಸ್ತಿ ಆಯ್ತು" ಅಂತ ಒಳಗೆ ಅನ್ನಿಸಿತು. ನಿಜವಾಗಿ ಅನ್ನಿಸಿತು. ಕೇಳಿಸಿಕೊಳ್ಳಲಿಲ್ಲ.

ನಮ್ಮ ಲಿವರಿನಲ್ಲಿ, ಸ್ನಾಯುಗಳಲ್ಲಿ ಕೂಡಿಟ್ಟಿರುವ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು 2,000 ಕ್ಯಾಲೊರಿಯಷ್ಟು. ಒಂದು ಕಿಲೋಮೀಟರ್ ಓಡಲು ಮೈತೂಕದ ಪ್ರತಿ ಕಿಲೋಗೆ ಹೆಚ್ಚುಕಮ್ಮಿ ಒಂದು ಕ್ಯಾಲೊರಿ ಬೇಕು. ನಿಧಾನವಾಗಿ ಓಡಿದರೆ ದೇಹ ಕೊಬ್ಬನ್ನೂ ಜೊತೆಗೆ ಉರಿಸುತ್ತದೆ, ಕೂಡಿಟ್ಟ ಗಂಟು ದೂರದವರೆಗೆ ಬರುತ್ತದೆ. ವೇಗ ಹೆಚ್ಚಾದಷ್ಟೂ ಗಂಟು ಬೇಗ ಕರಗುತ್ತದೆ. 30 ಕಿಲೋಮೀಟರ್ ಆಸುಪಾಸಿನಲ್ಲಿ ಬಹಳ ಜನಕ್ಕೆ ಕೈಕಾಲು ನಿಂತೇ ಹೋಗುವುದು ಇದಕ್ಕೇ. ಓಟಗಾರರು ಅದನ್ನು "ವಾಲ್", ಅಂದರೆ ಗೋಡೆ, ಅಂತಾರೆ. ನನಗೂ ಅದೇ ಆಯಿತು. ಬರೀ ಅಷ್ಟೇ ಆಗಿದ್ದರೆ ನಡೆದುಕೊಂಡಾದರೂ ಬರುತ್ತಿದ್ದೆ. ಆದರೆ 33ನೇ ಕಿಲೋಮೀಟರಿನಲ್ಲಿ, ಆ ಬಿಸಿಲಲ್ಲಿ, ನನಗೆ ಚಳಿಯಾಗತೊಡಗಿತು. ತೋಳಿನ ಮೇಲೆ ಕೂದಲು ನಿಮಿರಿತು. ರಸ್ತೆ ಒಂದು ಕಡೆಗೆ ವಾಲಿದ ಹಾಗೆ ಕಂಡಿತು. ಅಲ್ಲಿದ್ದ ಸ್ವಯಂಸೇವಕಿ ಹೆಸರು ಕೇಳಿದರೆ ಹೇಳಲು ತಡವರಿಸಿದೆ. ಕೂತುಬಿಟ್ಟೆ.

"ಇನ್ನು ಒಂಬತ್ತೇ ಕಿಲೋಮೀಟರ್ ಇತ್ತಲ್ಲ, ನಡೆದಾದರೂ ಬರಬಹುದಿತ್ತು." ಆಮೇಲೆ ಎಷ್ಟು ಜನ ಈ ಮಾತು ಅಂದರೋ. ಯಾರದ್ದೂ ಕೆಟ್ಟ ಉದ್ದೇಶ ಅಲ್ಲ. ಆದರೆ ನಾನು ಅದನ್ನು ನಂಬಿದೆ. ಕಷ್ಟ ಬಂದ ಕೂಡಲೇ ಕೈಬಿಡುವವಳು ನಾನು ಅಂತ ನನಗೆ ನಾನೇ ಹೇಳಿಕೊಂಡೆ. ಅದು ಓಟದ ಮಟ್ಟಿಗೆ ಮಾತ್ರ ಉಳಿಯಲಿಲ್ಲ, ಪುಟ್ಟಿ. ಆಫೀಸಿನಲ್ಲಿ ಹೊಸ ಜವಾಬ್ದಾರಿ ಕೊಡ್ತೀವಿ ಅಂದಾಗ ಬೇಡ ಅಂದೆ. ಗೊತ್ತಿದ್ದ ಉತ್ತರ ಹೇಳಲೂ ಇನ್ನೊಬ್ಬರ ಮುಖ ನೋಡುತ್ತಿದ್ದೆ. ರಾತ್ರಿ ಕಾರು ಓಡಿಸುವುದನ್ನು ಬಿಟ್ಟೆ. ಅಪ್ಪ "ಯಾವ ದಾರೀಲಿ ಹೋಗೋಣ?" ಅಂತ ಕೇಳಿದರೂ "ನೀವೇ ಹೇಳಿ" ಅನ್ನುತ್ತಿದ್ದೆ. ನಿನಗೂ ಇದೆಲ್ಲ ಕಂಡಿರಬೇಕು.

ಆ ದಿನಗಳಲ್ಲಿ ಒಂದು ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಿದ್ದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಇಟ್ಟಿದ್ದೇ ಅವತ್ತು ಮೊದಲ ಸಲ. ಸ್ವಿಟ್ಜರ್ಲೆಂಡಿನ ಗ್ಯಾಬ್ರಿಯೆಲಾ ಆಂಡರ್ಸನ್-ಷೀಸ್ ಸ್ಟೇಡಿಯಮ್ಮಿಗೆ ಬರುವಾಗ ಒಂದು ಕಡೆಗೆ ಬಾಗಿ, ತೂರಾಡುತ್ತಾ ಬರುತ್ತಾರೆ. ಕೊನೆಯ 400 ಮೀಟರಿಗೆ ಐದು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. 37ನೆಯವರಾಗಿ ಗೆರೆ ದಾಟಿ ಬಿದ್ದರು. ಎಂದೂ ನಿಲ್ಲಬಾರದು ಅನ್ನೋದಕ್ಕೆ ಉದಾಹರಣೆಯಾಗಿ ಜನ ಅದನ್ನು ತೋರಿಸುತ್ತಾರೆ. ಅದನ್ನು ನೋಡಿ ನಾನೂ ನಾಚಿಕೆಪಟ್ಟುಕೊಳ್ಳುತ್ತಿದ್ದೆ. ಒಂದು ದಿನ ಬೇರೇನೋ ಕಣ್ಣಿಗೆ ಬಿತ್ತು. ಡಾಕ್ಟರುಗಳು ಅವರ ಪಕ್ಕದಲ್ಲೇ ನಡೆಯುತ್ತಿದ್ದಾರೆ. ಮುಟ್ಟಿದರೆ ಸ್ಪರ್ಧೆಯಿಂದ ಹೊರಗೆ, ಅದಕ್ಕೆ ಮುಟ್ಟುತ್ತಿಲ್ಲ. ಬರೀ ನೋಡುತ್ತಿದ್ದಾರೆ. ಆಕೆ ಇನ್ನೂ ಬೆವರುತ್ತಿದ್ದರು, ಅಂದರೆ ಮೈ ಇನ್ನೂ ತನ್ನನ್ನು ತಂಪು ಮಾಡಿಕೊಳ್ಳುತ್ತಿತ್ತು. ಅದನ್ನು ಗಮನಿಸಿಯೇ ಅವರನ್ನು ಮುಂದಕ್ಕೆ ಬಿಟ್ಟಿದ್ದು. ಸುಮ್ನೆ ಹಠದಿಂದ ಅಲ್ಲ. ಮೈಯನ್ನು ಓದಿ ತೆಗೆದುಕೊಂಡ ತೀರ್ಮಾನ ಅದು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ತಪ್ಪು ಆಗಿದ್ದು ಹತ್ತನೇ ಕಿಲೋಮೀಟರಿನಲ್ಲಿ. ಮೂವತ್ಮೂರನೆಯದರಲ್ಲಿ, ಬಿಸಿಲಲ್ಲೂ ಚಳಿಯಾದಾಗ, ನಾನು ನಿಲ್ಲಿಸಿದ್ದು ಸರಿ. ಇವೆರಡನ್ನೂ ಕಲಸಿ, ಸರಿ ಮಾಡಿದ್ದಕ್ಕೇ ತಿಂಗಳುಗಟ್ಟಲೆ ನನ್ನನ್ನು ನಾನು ಬೈದುಕೊಂಡಿದ್ದೆ. ನನ್ನ ಕಾಲಿನ ಬಲ ಎಲ್ಲಿಗೂ ಹೋಗಿರಲಿಲ್ಲ. ನನ್ನ ಮೈ ಹೇಳುವುದನ್ನು ನಂಬುವ ಶಕ್ತಿ ಹೋಗಿತ್ತು.

ನೀನು ಕೆಲಸ ಬಿಟ್ಟ ವಿಷಯ ಈ ಪತ್ರದಲ್ಲಿ ಎತ್ತಬಾರದು ಅಂದುಕೊಂಡಿದ್ದೆ. ಒಂದೇ ಮಾತು ಕೇಳಿಬಿಡ್ತೀನಿ. ಎಂಟು ತಿಂಗಳಿಗೆ ಬಿಟ್ಟಿದ್ದು ತಪ್ಪು ಅಂತ ನೀನು ಅನ್ನುತ್ತಲೇ ಇದ್ದೀಯ. ಸೇರುವ ಮೊದಲೇ ನಿನಗೆ ಏನೋ ಸರಿ ಅನ್ನಿಸಿರಲಿಲ್ಲ ಅಂತಲೂ ಹೇಳಿದ್ದೆ. ಹಾಗಾದರೆ ತಪ್ಪು ಯಾವುದು? ನನಗೆ ಉತ್ತರ ಹೇಳಬೇಕಾಗಿಲ್ಲ.

ಸರಿ, ಮತ್ತೆ ಓಟಕ್ಕೆ ಬರ್ತೀನಿ. ಶುರು ಮಾಡಿದ್ದು 2 ಕಿಲೋಮೀಟರಿನಿಂದ. ಅದರಲ್ಲಿ ಅರ್ಧ ನಡಿಗೆ. ವಾಚು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ಒಂದು ನೋಟ್‌ಬುಕ್ ಇಟ್ಟೆ. ಹೊರಡುವ ಮುಂಚೆ ಬರೆಯುತ್ತಿದ್ದೆ: ಇವತ್ತು ಎಷ್ಟು ದೂರ ಆಗುತ್ತೆ, ಎಲ್ಲಿ ಸುಸ್ತಾಗುತ್ತೆ. ಬಂದ ಮೇಲೆ ಅದರ ಪಕ್ಕದಲ್ಲೇ ನಿಜವಾಗಿ ಎಷ್ಟಾಯಿತು ಅಂತ ಬರೆಯುತ್ತಿದ್ದೆ. ಮೊದಲ ತಿಂಗಳು ಎರಡಕ್ಕೂ ತಾಳೆಯೇ ಇರಲಿಲ್ಲ. 3 ಆಗುತ್ತೆ ಅಂದರೆ 6 ಆಗುತ್ತಿತ್ತು. 8 ಅಂದ ದಿನ 4ಕ್ಕೇ ಸಾಕಾಗುತ್ತಿತ್ತು. ಬರುಬರುತ್ತಾ ನನ್ನ ಊಹೆ ಹತ್ತಿರ ಬಂತು. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಿ ನೋಡುತ್ತಿದ್ದೆ. ಮಧ್ಯೆ ಉಸಿರು ತುಂಡಾದರೆ ವೇಗ ಜಾಸ್ತಿಯಾಯಿತು ಅಂತ. ಉದ್ದ ಓಟದ ದಿನ ಮೊದಲೂ ಆಮೇಲೂ ತೂಕ ನೋಡುತ್ತಿದ್ದೆ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ತೂಕ ಏರಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದೀನಿ ಅಂತ, ಅದೂ ಅಪಾಯವೇ. ರಕ್ತದಲ್ಲಿ ಸೋಡಿಯಂ ಇಳಿದುಬಿಡುತ್ತದೆ. ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ದಿನ ಹೊರಡುವ ಮುಂಚೆ "24, ಕೊನೆಯ ಎರಡು ಕಷ್ಟ" ಅಂತ ಬರೆದೆ. ಬಂದು ನೋಡಿದರೆ ಹಾಗೇ ಆಗಿತ್ತು. ಆ ಪುಟದ ಮುಂದೆ ಕೂತು ಅತ್ತೆ. ಅವತ್ತೇ ಈ 50 ಕಿಲೋಮೀಟರಿಗೆ ಹೆಸರು ಕೊಟ್ಟಿದ್ದು.

10 ಕಿಲೋಮೀಟರಿನ ಒಂದೇ ರಸ್ತೆ, ಐದು ಸುತ್ತು. ಐದು ಜನ ಸೇರಿ ರಿಲೇ ಆಗಿ ಓಡಬಹುದು, ಇಲ್ಲವೇ ಒಬ್ಬರೇ. ನಾನು ಸೋಲೋ. ಬಹಳ ಜನ ರಿಲೇಯವರೇ ಇದ್ದರು. ಅದೇ ನನಗೆ ದೊಡ್ಡ ಪರೀಕ್ಷೆ. ಪ್ರತಿ ಸುತ್ತಿನಲ್ಲೂ ಹೊಸ ಕಾಲುಗಳು ನನ್ನನ್ನು ದಾಟಿ ಹೋಗುತ್ತಿದ್ದವು. ಮೊದಲ ಸುತ್ತಿನಲ್ಲಿ ಒಂದು ಗುಂಪು ಪಕ್ಕಕ್ಕೆ ಬಂದಾಗ ಕಾಲು ತಾನಾಗಿ ಅವರ ತಾಳಕ್ಕೆ ಹೋಯಿತು. ಜೋರಾಗಿ "ನನ್ನ ಹೆಸರು, ನನ್ನ ಊರು, ಇವತ್ತು ಭಾನುವಾರ" ಅಂದೆ. ವಾಕ್ಯ ತುಂಡಾಯಿತು. ಅವರನ್ನು ಹೋಗಲು ಬಿಟ್ಟೆ. ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮೊದಲ ಸುತ್ತು 1 ಗಂಟೆ 20 ನಿಮಿಷ. ಎರಡನೆಯದು 1 ಗಂಟೆ 22.

ಮೂರನೇ ಸುತ್ತಿನಲ್ಲಿ ಎಡ ಮಂಡಿಯ ಹೊರಬದಿ ನೋಯತೊಡಗಿತು. ಮಳೆನೀರು ಹರಿಯಲಿ ಅಂತ ರಸ್ತೆಯ ಅಂಚನ್ನು ಇಳಿಜಾರು ಮಾಡಿರುತ್ತಾರೆ. ಗಂಟೆಗಟ್ಟಲೆ ಅಂಚಿನಲ್ಲೇ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ. ವಾಹನ ಬಿಟ್ಟಿರಲಿಲ್ಲವಾದ್ದರಿಂದ ರಸ್ತೆಯ ನಡುಮಧ್ಯಕ್ಕೆ ಸರಿದೆ. ಸ್ವಲ್ಪ ಹೊತ್ತಿಗೆ ನೋವು ತಗ್ಗಿತು. ಸಣ್ಣ ವಿಷಯ, ಆದರೆ ನನಗೆ ಎಷ್ಟು ಸಂತೋಷವಾಯಿತು ಗೊತ್ತಾ? ಮೈ ಹೇಳಿತು, ನಾನು ಕೇಳಿದೆ, ಸರಿಹೋಯಿತು.

ಸುತ್ತಿನ ಓಟದಲ್ಲಿ ಇನ್ನೊಂದು ಕಷ್ಟ ಇದೆ. ಪ್ರತಿ ಸಲ ಹೊರಟ ಜಾಗಕ್ಕೇ ವಾಪಸ್ ಬರ್ತೀವಿ. ನಮ್ಮ ಬ್ಯಾಗು, ಕುರ್ಚಿ, ನೆರಳು ಎಲ್ಲ ಅಲ್ಲೇ. ನಿಲ್ಲಿಸೋದು ತುಂಬ ಸುಲಭ. ಮೂರನೇ ಸುತ್ತು ಮುಗಿಸಿದಾಗ ನಾನು ಕೂರಲಿಲ್ಲ. ನಿಂತೇ ಬಾಳೆಹಣ್ಣು ತಿಂದೆ, ಬಾಟಲಿ ತುಂಬಿಸಿದೆ, ಹೊರಟೆ.

ಹೊರಟು 3 ಕಿಲೋಮೀಟರಿಗೆ ಒಂದು ಸಣ್ಣ ಸೇತುವೆ. ಮೂರು ಸಲ ಅದನ್ನು ದಾಟಿದ್ದೆ. ಮೂರು ಸಲವೂ ಅದರ ಕಡೆ ಓರೆಯಾಗಿ ನೋಡಿದ್ದೆ. ಯಾಕೆಂದರೆ ನಾಲ್ಕನೇ ಸಲ ಅದು 33ನೇ ಕಿಲೋಮೀಟರ್ ಆಗುತ್ತದೆ ಅಂತ ಲೆಕ್ಕ ಹಾಕಿಟ್ಟಿದ್ದೆ. ಅಲ್ಲಿಗೆ ಬಂದಾಗ ಓಟ ನಿಲ್ಲಿಸಿದೆ. ಬೇಕಂತಲೇ ನಿಲ್ಲಿಸಿದೆ. ಕಟ್ಟೆ ಹಿಡಿದು ನಿಂತು ಒಂದೊಂದಾಗಿ ಕೇಳಿಕೊಂಡೆ. ಚಳಿ ಇದೆಯಾ? ಇಲ್ಲ. ತಲೆ ಸುತ್ತುತ್ತಾ? ಇಲ್ಲ. ಬೆವರು? ಬರ್ತಿದೆ. ಇವತ್ತು ಯಾವ ವಾರ? ಭಾನುವಾರ. ಕಾಲು? ತುಂಬ ನೋಯುತ್ತೆ. ಉಳಿದಿದ್ದು ಬರೀ ದಣಿವು, ನೋವು. ಇವು ನನಗೆ ಗೊತ್ತಿರುವವು, ನೋಟ್‌ಬುಕ್ಕಿನ ತುಂಬ ಇವೇ ಇವೆ. ಅವತ್ತಿನದು ಬೇರೆ, ಇವತ್ತಿನದು ಬೇರೆ. ಎರಡರ ವ್ಯತ್ಯಾಸ ನನಗೆ ತಿಳಿಯುತ್ತಿತ್ತು, ಪುಟ್ಟಿ. ನಿನ್ನ ಪ್ರಶ್ನೆಗೆ ಉತ್ತರ ಆ ಸೇತುವೆ. ಧೈರ್ಯ ಅಲ್ಲಿ ಬಂತು. ಫಿನಿಶ್ ಲೈನಿನಲ್ಲಿ ಅಲ್ಲ.

ಅಲ್ಲಿಂದ ಬಹಳ ದೂರ ನಡೆದೆ. ಆ ಸುತ್ತಿಗೆ 1 ಗಂಟೆ 42 ನಿಮಿಷ ಹಿಡಿಯಿತು. ಒಟ್ಟು ಗಡುವು 8 ಗಂಟೆ. ಉಳಿದ 10 ಕಿಲೋಮೀಟರಿಗೆ 2 ಗಂಟೆ 9 ನಿಮಿಷ ಇತ್ತು. ಬಿರುಸಾಗಿ ನಡೆದರೂ ಸಾಕು ಅಂತ ಲೆಕ್ಕ ಹಾಕಿದೆ.

ಐದನೇ ಸುತ್ತಿನಲ್ಲಿ ರಸ್ತೆ ಖಾಲಿ. ರಿಲೇ ತಂಡದವರೆಲ್ಲ ಮುಗಿಸಿ ಹೋಗಿದ್ದರು. ನೀರಿನ ಮೇಜುಗಳಲ್ಲಿ ಒಬ್ಬೊಬ್ಬರೇ ಇದ್ದರು. ನನ್ನ ಚಪ್ಪಟೆ ಹೆಜ್ಜೆ ಸದ್ದು ನನಗೇ ಕೇಳಿಸುತ್ತಿತ್ತು. ಸೇತುವೆಗೆ ಇನ್ನೂ ಸ್ವಲ್ಪ ಇರುವಾಗ 42.195 ದಾಟಿದೆ. ಅಲ್ಲಿ ಯಾವ ಗುರುತೂ ಇರಲಿಲ್ಲ. ವಾಚಿನಲ್ಲಿ ಅಂಕಿ ಬದಲಾಯಿತು, ಅಷ್ಟೇ. ಅಲ್ಲಿಂದ ಮುಂದಿನ ಒಂದೊಂದು ಹೆಜ್ಜೆಯೂ ನನ್ನ ಜೀವನದಲ್ಲೇ ಹೊಸದು. ನಿನ್ನನ್ನು ನೆನೆಸಿಕೊಂಡೆ. ನೀನು ಚಿಕ್ಕವಳಿದ್ದಾಗ ಕತ್ತಲ ಕೋಣೆಗೆ ಹೋಗುವಾಗ ಜೋರಾಗಿ ಹಾಡುತ್ತಿದ್ದೆಯಲ್ಲ, ಹಾಗೆ ನಾನೂ ಹಾಡಿಕೊಂಡೆ. ಉಸಿರು ತುಂಡಾಗಲಿಲ್ಲ.

7 ಗಂಟೆ 32 ನಿಮಿಷ. ಕೊನೆಯ ಸುತ್ತು ನಾಲ್ಕನೆಯದಕ್ಕಿಂತ ಒಂದು ನಿಮಿಷ ಬೇಗ.

ಸೋಮವಾರ ಆಫೀಸಿಗೆ ಕುಂಟುತ್ತಾ ಹೋದೆ. ಆ ಜವಾಬ್ದಾರಿ ಇನ್ನೂ ಯಾರಿಗಾದರೂ ಬೇಕಾ ಅಂತ ಕೇಳುತ್ತಿದ್ದಾರೆ. ನಾನು ತಗೋತೀನಿ ಅಂದೆ.

ಇನ್ನೊಂದು ಆಸೆ ಇದೆ. ಮುಂದಿನ ವರ್ಷ ಇದೇ ಓಟಕ್ಕೆ ಮತ್ತೆ ಹೋಗ್ತೀನಿ. ನೀನು ಬಂದು ಆ ಬ್ಯಾಗಿನ ಪಕ್ಕ, ಆ ಕುರ್ಚಿಯಲ್ಲಿ ಕೂತಿರು. ಆ ಹಳೇ ಬೋರ್ಡು ಇನ್ನೂ ಇದ್ದರೆ ತಗೊಂಡು ಬಾ. ನಾನು ಸುತ್ತು ಮುಗಿಸಿ ಬಂದಾಗ "ಸಾಕಾ ಅಮ್ಮ?" ಅಂತ ಮಾತ್ರ ಕೇಳಬೇಡ. ಇವತ್ತು ಯಾವ ವಾರ ಅಂತ ಕೇಳು.

ಪ್ರೀತಿಯಿಂದ,
ಅಮ್ಮ