ಮೂರು ಬೇಸಿಗೆ ದಾಟಿದ ತೋಪಿನ ಪರವಾಗಿ ನಮಸ್ಕಾರ

ಆಸ್ಪತ್ರೆ ಹಿಂದೆ ನಾವೆಲ್ಲ ಸೇರಿ ನೆಟ್ಟ ತೋಪು ಈ ವರ್ಷ ಮೂರನೇ ಬೇಸಿಗೆ ದಾಟಿತು. ಹೊಂಗೆ, ಬೇವುಗಳಿಗೆ ಇನ್ನು ಟ್ಯಾಂಕರ್ ನೀರು ಬೇಕಿಲ್ಲ. ಜಾಗಕ್ಕಾಗಿ ಅಲೆದದ್ದು, ಕೊಳವೆಬಾವಿ ಬತ್ತಿದ್ದು ನಿಮಗೆಲ್ಲ ಗೊತ್ತಿರುವುದೇ. ಸಸಿ ಕೊಟ್ಟ ನರ್ಸರಿಯವರಿಗೆ, ಕೊಟ್ಟಿಗೆ ಗೊಬ್ಬರ ಹೇರಿಕೊಂಡು ಬಂದ ರೈತರಿಗೆ, ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರುಸಮೇತ ಕಿತ್ತ ಕಾಲೇಜು ಮಕ್ಕಳಿಗೆ (ಅದರ ಪರಾಗ ದಮ್ಮಿನವರಿಗೆ ಆಗಿಬರುವುದಿಲ್ಲ) ನಮಸ್ಕಾರ.

ಉಳಿದ ಮಾತೆಲ್ಲ ರಾತ್ರಿ ಪಾಳಿಯ ಕಾವಲಿನ ಅಣ್ಣನಿಗೆ.

ಮೊದಲ ವರ್ಷದ ಮೇ ತಿಂಗಳ ಗಾಳಿಮಳೆಗೆ ಒಂದೇ ರಾತ್ರಿ 11 ಸಸಿ ವಾಲಿದವು. ಕಾರಣ ನಾವೇ. ದಿನಾ ಒಂದೊಂದು ಚೊಂಬು ನೀರು ಹಾಕಿದ್ದರಿಂದ ಬೇರು ಕೆಳಗಿಳಿಯದೆ ಮೇಲುಮಣ್ಣಲ್ಲೇ ಉಳಿದಿತ್ತು. ಪ್ಯಾಕೆಟ್ಟಿನೊಳಗೆ ಸುರುಳಿ ಸುತ್ತಿದ ಬೇರನ್ನು ಬಿಡಿಸದೆ ನೆಟ್ಟದ್ದೂ ಉಂಟು. ಅಣ್ಣ ಟಾರ್ಚ್ ಹಿಡಿದು ಬೆಳಗಿನತನಕ ಅಲ್ಲೇ ಇದ್ದರು. ಗುಂಡಿಯಲ್ಲಿ ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲವೆಂದು ಮೊದಲು ಕಾಲುವೆ ತೋಡಿ ನೀರು ಹರಿಸಿದರು. ವಾಲಿದ ಕಾಂಡವನ್ನು ಜಗ್ಗಲಿಲ್ಲ. ಬೇರು ಎದ್ದ ಬದಿಯಲ್ಲಿ ಅಡಿಯ ಮಣ್ಣು ತೆಗೆದು, ಬುಡ ಹಿಡಿದು ನಿಧಾನವಾಗಿ ನೆಟ್ಟಗೆ ಕೂರಿಸಿ, ಮಣ್ಣು ತುಂಬಿ ಕಾಲಲ್ಲಿ ಮೆಟ್ಟಿದರು. ಎರಡೂ ಬದಿಗೆ ಗಳ ನೆಟ್ಟು, ಹಳೇ ಸೈಕಲ್ ಟ್ಯೂಬನ್ನು ಸಡಿಲವಾಗಿ ಸುತ್ತಿ ಕಟ್ಟಿದರು. ತೆಂಗಿನ ಹಗ್ಗ ತೊಗಟೆ ಕೊಯ್ಯುತ್ತದೆ ಎಂದು ಅದನ್ನು ಮುಟ್ಟಲಿಲ್ಲ. 9 ಸಸಿ ಉಳಿದವು.

ಆಮೇಲೆ ಸಸಿಗೆ 20 ಲೀಟರಿನಂತೆ ವಾರಕ್ಕೆರಡು ಸಲ ನೀರು, ಬುಡದಿಂದ ಗೇಣು ಬಿಟ್ಟು ತರಗೆಲೆಯ ಹೊದಿಕೆ. ನಮ್ಮಲ್ಲಿ ಯಾರು ತಪ್ಪಿಸಿದರೂ ಅಣ್ಣನ ಕೊಡ ತಪ್ಪಲಿಲ್ಲ.

ಹಗಲಿನವರಿಗೆ ಕಾಣದ್ದನ್ನು ಅವರು ದಿನಾ ಕಂಡಿದ್ದರು. ಐಸಿಯು ಮುಂದಿನ ಕುರ್ಚಿಯಲ್ಲಿ ಅಳು ನುಂಗಿ ಕೂತವರು ನಡುರಾತ್ರಿ ಹೊರಗೆ ಬರುತ್ತಾರೆ. ಒರಗಿಕೊಳ್ಳಲು ಅವರಿಗೆ ಸ್ಕೂಟರ್ ಸ್ಟ್ಯಾಂಡಿನ ಗೋಡೆ ಬಿಟ್ಟು ಏನೂ ಇರಲಿಲ್ಲ. ಇಷ್ಟು ಬರೆಯುವುದರೊಳಗೆ ಗಂಟಲುಬ್ಬಿ ಬಂತು.

ಹಸಿರಿನ ಗುಣ ಅಳೆದು ನೋಡಿದವರಿದ್ದಾರೆ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ 46 ರೋಗಿಗಳ ದಾಖಲೆಗಳಿವೆ. ಎಲ್ಲರೂ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರು. ಕಿಟಕಿಯಲ್ಲಿ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು, ನೋವು ತಗ್ಗಿಸುವ ಪ್ರಬಲ ಮದ್ದೂ ಅವರಿಗೆ ಕಡಿಮೆ ಸಾಕಾಯಿತು. ಅದಕ್ಕೇ ಹೊಳೆಮತ್ತಿಗಳನ್ನು ವಾರ್ಡಿನ ಕಿಟಕಿಗಳ ನೇರಕ್ಕೆ, ಗೋಡೆಯಿಂದ 20 ಅಡಿ ದೂರ ಬಿಟ್ಟು ಹಾಕಿದ್ದು. ಬೆಂಗಳೂರಿನ ರಸ್ತೆಗಳಲ್ಲಿ ಅಳೆದಾಗ ಮರಗಳಿರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪಿತ್ತು. ಹೊತ್ತಿಳಿಯುವಾಗಿನ ಬಿಸಿಲೇ ಕಡುಬಿಸಿಲಾದ್ದರಿಂದ ನಮ್ಮ ಬೆಂಚುಗಳ ಪಡುವಣಕ್ಕೆ ಹೊಂಗೆ ಬಂತು. ಬೆಂಚಿಗೆ ಒರಗು, ಕೈ ಊರುವ ಹಿಡಿ ಎರಡೂ ಇವೆ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ವಯಸ್ಸಾದವರು ಏಳಲಾರದೆ ಅಂಥ ಬೆಂಚಿನಲ್ಲಿ ಕೂರುವುದನ್ನೇ ಬಿಡುತ್ತಾರೆ.

ಅಣ್ಣ, ಎರಡು ಹೊಂಗೆಗಳಿಗೆ ನೀವು ಕಟ್ಟಿದ ಟ್ಯೂಬು ಇನ್ನೂ ಹಾಗೇ ಇದೆ. ಕಾಂಡ ದಪ್ಪಗಾಗಿದೆ, ಹಾಗೇ ಬಿಟ್ಟರೆ ತೊಗಟೆಯೊಳಗೆ ಹೂತುಹೋಗುತ್ತದೆ. ಅದನ್ನು ನೀವೇ ಬಿಚ್ಚಬೇಕೆಂದು ನಮ್ಮೆಲ್ಲರ ಆಸೆ. ಭಾನುವಾರ ಪಾಳಿ ಮುಗಿಸಿ ಬನ್ನಿ, ಕಾದಿರುತ್ತೇವೆ.