‘ಇವ್ನು ನಮಗೆ ಗೊತ್ತಿರೋನು’

2024ರ ದೀಪಾವಳಿ ಹೊತ್ತಿಗೆ ಒಹಾಯೊದ ನಮ್ಮ ಕನ್ನಡ ಸಂಘದಿಂದ ನಿಮಗೆಲ್ಲ ಒಂದು ಇಮೇಲ್ ಬಂದಿತ್ತು. ಊರಿಗೆ ಹೊಸದಾಗಿ ಬರುತ್ತಿರುವ ನಿರಾಶ್ರಿತ ಕುಟುಂಬಕ್ಕೆ ಮನೆ ಸಾಮಾನು ಬೇಕು, ಇದ್ದವರು ತಂದುಕೊಡಿ ಅಂತ. ಬರೆದವಳು ನಾನೇ. ಹತ್ತು ದಿನದಲ್ಲಿ ನಮ್ಮ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗ ಇರಲಿಲ್ಲ. ಕಂಬಳಿ, ಕುಕ್ಕರ್, ಮಕ್ಕಳ ಜಾಕೆಟ್ಟು ಸರಿ. ಜೊತೆಗೆ ಮೂವತ್ತು ರೇಷ್ಮೆ ಸೀರೆ, ಹನ್ನೊಂದು ಇಡ್ಲಿ ಪಾತ್ರೆ. ಬರುತ್ತಿದ್ದವರು ಅಫ್ಘಾನಿಸ್ತಾನದವರು.

ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ನನಗೂ ಆಗ ಹೊಳೆದಿದ್ದು ಅಷ್ಟೇ.

ಗಂಡ, ಹೆಂಡತಿ, ನಾಲ್ಕು ಮಕ್ಕಳು. ಇಲ್ಲಿಗೆ ಬರುವ ಮುಂಚೆ ಆರು ವರ್ಷ ದೆಹಲಿಯ ಲಾಜಪತ್ ನಗರದಲ್ಲಿದ್ದರು. ನಿರಾಶ್ರಿತರು ಅಂದರೆ ನಮ್ಮ ಕಣ್ಮುಂದೆ ಬರುವುದು ಬಯಲಲ್ಲಿ ಸಾಲಾಗಿ ನಿಂತ ಡೇರೆಗಳು, ಅಲ್ವಾ? ಆದರೆ ಇವತ್ತು ಲೋಕದಲ್ಲಿ ನಿರಾಶ್ರಿತರು ಜಾಸ್ತಿ ಇರುವುದು ಪಟ್ಟಣಗಳಲ್ಲಿ, ನಮ್ಮ ನಿಮ್ಮ ಹಾಗೆ ಬಾಡಿಗೆ ಮನೆಗಳಲ್ಲಿ. 1960ರ ದಶಕದ ಆರಂಭದಲ್ಲಿ ಟಿಬೆಟಿನವರು ಬಂದಾಗ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತ್ತು. ಅವರು ಕಾಡು ಕಡಿದು ಜೋಳ ಬೆಳೆದರು. ಪಟ್ಟಣಕ್ಕೆ ಬಂದವರಿಗೆ ಯಾವ ಜಮೀನು? ಒಂದನೇ ತಾರೀಕು ಬಂದರೆ ಬಾಡಿಗೆ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ದೆಹಲಿಯಲ್ಲಿ ಇವರ ಹತ್ತಿರ ಇದ್ದದ್ದು ವಿಶ್ವಸಂಸ್ಥೆಯ ಒಂದು ಕಾರ್ಡು. ಅದನ್ನು ಹಿಡಿದು ಒಳ್ಳೆಯ ನೌಕರಿ ಕೇಳುವ ಹಾಗಿರಲಿಲ್ಲ. ಆತ ನಾನ್ ಬೇಯಿಸುತ್ತಿದ್ದರು, ಆಕೆ ಬಟ್ಟೆ ಹೊಲಿಯುತ್ತಿದ್ದರು. ನಮ್ಮ ನಡುವೆ ಮಾತಿಗೆ ಮಾತ್ರ ತೊಂದರೆಯಾಗಲಿಲ್ಲ. ಅವರಿಗೆ ದೆಹಲಿಯ ಹಿಂದಿ, ನನಗೆ ಕೋಲಾರದ ಉರ್ದು. ಕೋಲಾರದಲ್ಲಿ ಬೆಳೆದವರ ಕಥೆ ಗೊತ್ತಲ್ಲ: ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಕೆಜಿಎಫ್‌ಗೆ ಹೋದರೆ ತಮಿಳು, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಉರ್ದು. ನನ್ನ ‘ಕೈಕು’ (ಯಾಕೆ), ‘ನಕ್ಕೋ’ (ಬೇಡ) ಕೇಳಿ ಆಕೆ ನಕ್ಕು ನಕ್ಕು ಸುಸ್ತಾದರು.

ಅಮೆರಿಕಕ್ಕೆ ನಿರಾಶ್ರಿತರಾಗಿ ಬಂದವರು ಬಂದ ದಿನದಿಂದಲೇ ಕೆಲಸಕ್ಕೆ ಸೇರಬಹುದು. ಮನೆ ಹುಡುಕಲು, ಮಕ್ಕಳನ್ನು ಶಾಲೆಗೆ ಸೇರಿಸಲು ಆಗ ಒಂದು ಸಂಸ್ಥೆ ಮೊದಲ 90 ದಿನ ಜೊತೆಗಿರುತ್ತಿತ್ತು. ವಿಮಾನದ ಟಿಕೆಟ್ ಬಿಟ್ಟಿ ಅಂದುಕೊಂಡಿದ್ದೆ. ಅಲ್ಲವಂತೆ. ಅದು ಬಡ್ಡಿಯಿಲ್ಲದ ಸಾಲ, ಕಂತು ಕಟ್ಟಿ ತೀರಿಸಬೇಕು. ಅಂದರೆ ಇಲ್ಲಿ ಕಾಲಿಡುವಾಗಲೇ ತಲೆ ಮೇಲೆ ಸಾಲ.

ಇವರ 90 ದಿನ ಮುಗಿದಿರಲಿಲ್ಲ. 2025ರ ಜನವರಿ ಕೊನೆಯಲ್ಲಿ ವಾಷಿಂಗ್ಟನ್‌ನಿಂದ ಬರುವ ಹಣ ನಿಂತಿತು. ಸಂಸ್ಥೆಯ ಹುಡುಗಿ ಫೋನ್ ಮಾಡಿ ಅತ್ತಳು. ಅವಳ ಕೆಲಸವೂ ಹೋಗಿತ್ತು.

ನಾವು ಐದಾರು ಮನೆಯವರು ಸೇರಿ ಎರಡು ತಿಂಗಳ ಬಾಡಿಗೆ ಕಟ್ಟಿದೆವು. ಅದು ಸುಲಭ. ಕಷ್ಟ ಬಂದದ್ದು ಮೇ ತಿಂಗಳಿಗೆ ಕರಾರು ಹೊಸದು ಮಾಡಬೇಕು ಅಂದಾಗ. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸಿ, ಕ್ರೆಡಿಟ್ ಸ್ಕೋರ್ ತೋರಿಸಿ, ಇಲ್ಲದಿದ್ದರೆ ಜಾಮೀನು ತನ್ನಿ ಅಂದರು ಅಪಾರ್ಟ್‌ಮೆಂಟ್ ಆಫೀಸಿನವರು. ನಾಲ್ಕೈದು ತಿಂಗಳ ಹಿಂದೆ ಬಂದವರಿಗೆ ಎಲ್ಲಿಯ ಕ್ರೆಡಿಟ್ ಸ್ಕೋರ್! ನಾವು ಬಂದಾಗ ನಮಗೂ ಇರಲಿಲ್ಲ. ನಮ್ಮ ಕೈಯಲ್ಲಿ ಕಂಪನಿ ಲೆಟರ್ ಇತ್ತು, ಅಷ್ಟೇ ವ್ಯತ್ಯಾಸ. ಕಮಿಟಿ ಮೀಟಿಂಗಿನಲ್ಲಿ ಜಾಮೀನಿನ ಮಾತು ಎತ್ತಿದೆ. ಎಲ್ಲರೂ ಕಾಫಿ ಲೋಟದ ತಳ ನೋಡತೊಡಗಿದರು. ನಿಜ ಹೇಳಬೇಕೆಂದರೆ ನಾನೂ.

ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದು (ಬಿಳಿ ನೀರಿನದು, ಅದರ ಮುಂದೆ ಬೇರೆಲ್ಲ ಸುಮ್ನೆ), ರಾಬರ್ಟ್‌ಸನ್‌ಪೇಟೆಯ ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಪ್ಪ ಅಲ್ಲೇ ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. 1880ರಿಂದ ನಡೆದ ಕೆಲಸ ಒಂದು ದಿನಕ್ಕೆ ನಿಂತಿತು. ಬರಬೇಕಾದ ದುಡ್ಡಿಗೆ ಜನ ವರ್ಷಗಟ್ಟಲೆ ಕೋರ್ಟು ಅಲೆದರು.

ಚಿಕ್ಕಪ್ಪ ನಿರಾಶ್ರಿತರಲ್ಲ. ಅವರನ್ನು ಯಾರೂ ಬಂದೂಕು ತೋರಿಸಿ ಓಡಿಸಲಿಲ್ಲ. ಹೋಲಿಕೆಯನ್ನು ಎಳೆಯುವುದಿಲ್ಲ. ಆದರೆ ಕೆಲಸ ಹೋದ ಮೇಲೆ ಮನೆ ಹೇಗೆ ನಿಂತಿತು ಅನ್ನೋದನ್ನ ಅವರಿಂದ ಕೇಳಬೇಕಿತ್ತು.

ಬೆಂಗಳೂರಿನಲ್ಲಿ ಮನೆ ಮಾಡಲು ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದ ಕಾಲ. ಕೈಯಲ್ಲಿ ಅಷ್ಟು ದುಡ್ಡಿಲ್ಲ. ಹಾಗಾಗಿ ಮನೆ ಕೆಜಿಎಫ್‌ನಲ್ಲೇ, ಕೆಲಸ ಬೆಂಗಳೂರಿನಲ್ಲಿ. ಇವತ್ತಿಗೂ ಸಾವಿರಾರು ಜನ ಹಾಗೆ ಓಡಾಡುತ್ತಾರೆ. ಬೆಳಗಿನ ಜಾವ ಎದ್ದು ಮಾರಿಕುಪ್ಪಂ ರೈಲು, ಜೇಬಿನಲ್ಲಿ ತಿಂಗಳ ಪಾಸು, ಡಬ್ಬಿಯಲ್ಲಿ ಚಿತ್ರಾನ್ನ. ಹೊರಡುವಾಗ ಮಗಳು ಮಲಗಿರುತ್ತಿದ್ದಳು, ಬರುವಾಗಲೂ ಮಲಗಿರುತ್ತಿದ್ದಳು. ‘ಭಾನುವಾರ ಬಂದ್ರೆ ಅಪ್ಪ ಯಾರೋ ನೆಂಟರು ಅನ್ನೋ ಹಂಗೆ ನೋಡ್ತಿದ್ಲು’ ಅಂದರು.

‘ಆಗ ಯಾರು ಸಹಾಯ ಮಾಡಿದ್ರು ಚಿಕ್ಕಪ್ಪ?’

‘ನೋಡಮ್ಮ, ಅಕ್ಕಿ ಕೊಟ್ಟೋರು ಬೇಕಾದಷ್ಟು ಜನ. ಬೇಡ ಅನ್ನಲ್ಲ, ಅಕ್ಕಿನೂ ಬೇಕಿತ್ತು. ಆದ್ರೆ ರೈಲಲ್ಲಿ ದಿನಾ ಎದುರು ಕೂರೋರು ಒಬ್ರಿದ್ರು. ಅವರು ಕೆಲ್ಸ ಮಾಡೋ ಫ್ಯಾಕ್ಟ್ರಿಗೆ ಕರ್ಕೊಂಡೋಗಿ ಸೂಪರ್‌ವೈಸರ್ ಮುಂದೆ ನಿಲ್ಸಿದ್ರು. ಇವ್ನು ನಮಗೆ ಗೊತ್ತಿರೋನು ಅಂದ್ರು. ಅಷ್ಟೇ ಅಂದಿದ್ದು. ನನ್ನ ಹೆಸರು ಬಿಟ್ರೆ ಅವ್ರಿಗೆ ಏನೂ ಗೊತ್ತಿರ್ಲಿಲ್ಲ.’

ಚಿಕ್ಕಮ್ಮ ಒಳಗಿಂದ ಸೇರಿಸಿದರು. ಸ್ತ್ರೀಶಕ್ತಿ ಸಂಘಗಳು ಶುರುವಾಗಿದ್ದು 2000-01ರಲ್ಲಿ. ಅವರು ವಾರಕ್ಕೆ ಹತ್ತು ರೂಪಾಯಿ ಕಟ್ಟಿ, ಸಂಘದ ಸಾಲದಲ್ಲೇ ಹೊಲಿಗೆ ಮಿಷನ್ನು ತಂದರು. ಮಿಷನ್ನು ಬಿಟ್ಟಿ ಕೊಡಿಸುತ್ತೇವೆ ಅಂತ ಬಂದವರೂ ಇದ್ದರಂತೆ. ‘ಬೇಡ ಅಂದೆ. ಅವ್ರು ಊರೆಲ್ಲ ಹೇಳ್ಕೊಂಡು ತಿರುಗೋರು.’

ವಾಪಸು ಬಂದ ವಾರವೇ ಜಾಮೀನಿಗೆ ಸಹಿ ಹಾಕಿದೆ. ಇನ್ನೆರಡು ಮನೆಯವರು ಜೊತೆಗೆ ಹಾಕಿದರು. ಮೊದಲು ಕಟ್ಟಿದ ಬಾಡಿಗೆಯನ್ನು ಸಾಲ ಅಂತ ಬರೆದುಕೊಳ್ಳಿ ಅಂತ ಆ ಗಂಡ ಹೆಂಡತಿಯೇ ಹಟ ಹಿಡಿದರು. ಬಡ್ಡಿ ಇಲ್ಲ, ತಿಂಗಳಿಗೆ ನೂರು ಡಾಲರ್. ಒಂದು ಕಂತೂ ತಪ್ಪಿಲ್ಲ.

ಆತನಿಗೆ ಸಿಕ್ಕಿದ್ದು ಗೋಡೌನಿನ ರಾತ್ರಿ ಪಾಳಿ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿಲ್ಲ. ಕಾರು ಓಡಿಸಲು ಬಂದರೆ ಹಗಲಿನ ಕೆಲಸ ಹಿಡಿಯಬಹುದಿತ್ತು. ಒಹಾಯೊದ ಪರೀಕ್ಷೆ ನಿಮಗೆ ನೆನಪಿರಬೇಕು. ಐದು ಕಂಬ ನಿಲ್ಲಿಸಿ ನಡುವೆ ಮುಂದೆ, ಹಿಂದೆ ಓಡಿಸು ಅನ್ನುತ್ತಾರೆ. ನಮ್ಮ ಖಜಾಂಚಿಯವರು ಹನ್ನೊಂದು ಶನಿವಾರ ತಮ್ಮ ಹಳೇ ಕಾರನ್ನೇ ಕೊಟ್ಟು ಪಕ್ಕದಲ್ಲಿ ಕೂತರು. ಎರಡು ಸಲ ಫೇಲು, ಮೂರನೇ ಸಲ ಪಾಸು. ಈಗ ಹಗಲಿನ ಪಾಳಿ. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ. ಹನ್ನೊಂದು ಶನಿವಾರಗಳ ಮುಂದೆ ನನ್ನ ಗ್ಯಾರೇಜಿನ ಸಾಮಾನೆಲ್ಲ ಏನೂ ಅಲ್ಲ ಅಂತ ನನಗೆ ಅನ್ನಿಸಿದೆ.

ಆಕೆ ಈಗ ರವಿಕೆ ಹೊಲಿದುಕೊಡುತ್ತಾರೆ. ಮೊದಲ ರವಿಕೆಯ ತೋಳು ಬಿಗಿಯಾಯಿತು, ಎರಡನೆಯದರಿಂದ ಕೈ ಕೂತಿದೆ. ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಬೇಜಾರಾದರೂ ಸರಿ. ನಮ್ಮವರಲ್ಲಿ ಕೆಲವರು ‘ನಾವೇ ಕೆಲಸ ಕೊಡ್ತಿದ್ದೀವಲ್ಲ’ ಅಂತ ಚೌಕಾಸಿಗೆ ಇಳಿದರಂತೆ. ಮಾಲ್‌ನಲ್ಲಿ ಪ್ಯಾಂಟಿನ ಅಂಚು ಮಡಿಸಲು ಕೇಳಿದಷ್ಟು ಕೊಟ್ಟು ಬರುವವರು ನಾವು. ದಯವಿಟ್ಟು ಅವರು ಹೇಳಿದ ರೇಟು ಕೊಡಿ.

ಈಗ ಇನ್ನೊಂದು ಮನೆ ಇದೆ. ಕಾಂಗೋದವರು. ಬಂದು ಒಂದೂವರೆ ವರ್ಷವಾಯಿತು. ತಾಯಿ, ಮೂರು ಮಕ್ಕಳು. ಮನೆ ಬದಲಿಸಬೇಕಾಗಿದೆ. ಜಾಮೀನಿಗೆ ಮೂರು ಮನೆಯವರು ಬೇಕು. ಜೊತೆಗೆ ಡ್ರೈವಿಂಗ್ ಕಲಿಸಲು ಶನಿವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಕಾರಿನಲ್ಲಿ ಕೂರಲು ಒಬ್ಬರು. ಮೊದಲ ಎರಡು ಶನಿವಾರ ನನ್ನವು. ನನ್ನ ಡ್ರೈವಿಂಗ್ ಬಗ್ಗೆ ನಮ್ಮ ಮನೆಯವರ ಅಭಿಪ್ರಾಯ ಬೇರೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಹಾಗೇ, ಹನ್ನೊಂದು ಇಡ್ಲಿ ಪಾತ್ರೆ ಇನ್ನೂ ನಮ್ಮ ಗ್ಯಾರೇಜಿನಲ್ಲೇ ಇವೆ. ಕೊಟ್ಟವರು ಬಂದು ತಗೊಂಡು ಹೋಗಿ.