ಮಗಳಿಗೊಂದು ಪತ್ರ: ನೀನು ಬರೆದ ಆ ಒಂದು ಪದ

ಪುಟ್ಟೀ,

ನಿನ್ನೆ ರಾತ್ರಿ ಫೋನ್ ತೋರಿಸಿ "ನೋಡಮ್ಮಾ, ಹೇಗೆ ಬಾಯಿ ಮುಚ್ಚಿಸಿದೆ" ಅಂದೆ. ನಿನ್ನ ಗೆಳತಿ ಹೊಸ ಕಾನೂನೊಂದು ಸರಿಯಿಲ್ಲ ಅಂತ ನಾಲ್ಕು ಸಾಲು ಬರೆದಿದ್ದಳು. ಕೆಳಗೆ ನಿನ್ನದು ಒಂದೇ ಪದ: ದೇಶದ್ರೋಹಿ. ಆಮೇಲೆ ಅವಳಿಂದ ಒಂದಕ್ಷರವೂ ಇಲ್ಲ. ನನಗೆ ನಿದ್ದೆ ಹತ್ತಲಿಲ್ಲ. ಎದುರಿಗೆ ಹೇಳಿದರೆ ಜಗಳವಾಗುತ್ತದೆ ಅಂತ ಬರೆಯುತ್ತಿದ್ದೇನೆ.

ದ್ರೋಹ ಅಂದರೆ ನಂಬಿದವರಿಗೆ ಕೇಡು ಬಗೆಯುವುದು. ಮಿತ್ರದ್ರೋಹ, ಗುರುದ್ರೋಹ ಅನ್ನುತ್ತೇವೆ. ಶತ್ರುದ್ರೋಹ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ಹೊರಗಿನವನು ದಂಡೆತ್ತಿ ಬರಬಹುದು, ದ್ರೋಹ ಮಾಡಲಾರ. ಅದಕ್ಕೆ ಒಳಗಿನವನೇ ಬೇಕು. ದುಡ್ಡಿಗಾಗಿ ಸೇನೆಯ ಗುಟ್ಟನ್ನು ಶತ್ರುವಿಗೆ ಮಾರಿದವನು ದೇಶದ್ರೋಹಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತಲ್ಲ, ಆಗ ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಬ್ರಿಟಿಷರ ಜೊತೆ ಒಳಗೊಳಗೇ ಕೈಜೋಡಿಸಿದ್ದ ಅನ್ನುತ್ತಾರೆ. ಅವನ ಹೆಸರು ಇವತ್ತಿಗೂ ಬೈಗುಳ. ದ್ರೋಹ ಕದ್ದು ಮಾಡುವ ಕೆಲಸ ಪುಟ್ಟೀ. ನಿನ್ನ ಗೆಳತಿ ತನ್ನ ಹೆಸರಿಟ್ಟು ಎಲ್ಲರ ಕಣ್ಣೆದುರು ಬರೆದಳು.

ರಾಜದ್ರೋಹ ಅನ್ನುವುದು ಬೇರೆ. ಎರಡನ್ನೂ ಕಲಸಿಬಿಡುವವರೇ ಜಾಸ್ತಿ. ಬ್ರಿಟಿಷರು 1870ರಲ್ಲಿ ದಂಡಸಂಹಿತೆಗೆ 124ಎ ಕಲಂ ಸೇರಿಸಿದರು. ಸರ್ಕಾರದ ಮೇಲೆ ಜನರಿಗೆ ದ್ವೇಷ ಹುಟ್ಟಿಸಿದರೆ ಅದೇ ರಾಜದ್ರೋಹ, ಜೈಲು. ಪತ್ರಿಕೆಯಲ್ಲಿ ಬರೆದದ್ದಕ್ಕೆ ತಿಲಕರಿಗೆ 1908ರಲ್ಲಿ ಆರು ವರ್ಷ ಶಿಕ್ಷೆಯಾಯಿತು, ದೂರದ ಬರ್ಮಾದ ಮಂಡಾಲೆ ಜೈಲಿಗೆ ಕಳಿಸಿದರು. 1922ರಲ್ಲಿ ಗಾಂಧೀಜಿಗೂ ಆರು ವರ್ಷ. ಅವರಿಬ್ಬರನ್ನು ದೇಶದ್ರೋಹಿಗಳು ಅನ್ನಲು ನಿನಗೆ ಬಾಯಿ ಬರುತ್ತದಾ? ಸರ್ಕಾರ ಬೇರೆ, ದೇಶ ಬೇರೆ. ಕಟು ಟೀಕೆ ಮಾಡಿದ ಮಾತ್ರಕ್ಕೆ ರಾಜದ್ರೋಹವಾಗುವುದಿಲ್ಲ, ಹಿಂಸೆಗೆ ಕುಮ್ಮಕ್ಕು ಇರಬೇಕು ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. 2022ರಲ್ಲಿ ಆ ಕಲಮನ್ನು ತಡೆಹಿಡಿಯಿತು. ಹಳೆಯ ದಂಡಸಂಹಿತೆಯ ಬದಲಿಗೆ 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಅನ್ನುವ ಹೆಸರಿಲ್ಲ. ಆದರೆ ದೇಶದ ಏಕತೆಗೆ ಅಪಾಯ ತರುವ ಕೃತ್ಯಗಳಿಗೆ 152ನೇ ಕಲಂ ಇದೆ, ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ಅಷ್ಟು ಭಾರದ ಆರೋಪವನ್ನು ನೀನು ಹೆಬ್ಬೆರಳಲ್ಲಿ ಒತ್ತಿ ಕಳಿಸಿದೆ.

ಆ ಕಾನೂನಿನ ವಿಷಯದಲ್ಲಿ ನನಗೂ ನಿನ್ನ ಮಾತೇ ಸರಿ ಅನಿಸುತ್ತದೆ. ಅವಳದ್ದು ತಪ್ಪು ಅನ್ನು, ಯಾಕೆ ತಪ್ಪು ಅಂತ ಬಿಡಿಸಿ ಹೇಳು. ಇಬ್ಬರೂ ಬೇಕಾದರೆ ರಾತ್ರಿಯಿಡೀ ವಾದ ಮಾಡಿ.

ಸುಮ್ನೆ ಆ ಸಾಲು ಅಳಿಸಿದರೆ ಸಾಲದು. ಅವಳು ಓದಿಯಾಗಿದೆ. ಇವತ್ತು ಸಂಜೆ ನೀನೇ ಅವಳಿಗೆ ಫೋನ್ ಮಾಡು.

ನಿನ್ನ ಅಮ್ಮ